ಔಷಧ ಉಂಟು, ಅನ್ನ ಎಲ್ಲಿ?

ತಂಗಡಗಿಯ ಕೂಲಿಕಾರ ಹಾಸಿಗೆ ಹಿಡಿದರೆ ಮುದ್ದೇಬಿಹಾಳಕ್ಕೆ ಹೋಗಬೇಕು. ಅಲ್ಲಿ ನೀಗದಿದ್ದರೆ ವಿಜಯಪುರಕ್ಕೆ. ಅವನು ದವಾಖಾನೆಗೆ ರೋಗವನ್ನಷ್ಟೇ ಒಯ್ಯುವುದಿಲ್ಲ. ವರ್ಷಗಟ್ಟಲೆ ಅರೆಹೊಟ್ಟೆ ಉಂಡ ಮೈಯನ್ನೂ ಒಯ್ಯುತ್ತಾನೆ. ಹಸಿದ ಮೈಯಲ್ಲಿ ಗಾಯ ಬೇಗ ಮಾಯುವುದಿಲ್ಲ, ಸೋಂಕು ಬೇಗ ಬಿಡುವುದಿಲ್ಲ.

ಇದು ಬಡ ದೇಶಗಳ ಪಾಡು ಮಾತ್ರವಲ್ಲ. ಬ್ರಿಟನ್ನಿನ ಡಂಡೀ ನಗರದಲ್ಲಿ ದವಾಖಾನೆ ಸೇರಿದ 500 ರೋಗಿಗಳನ್ನು ಪರೀಕ್ಷಿಸಿದಾಗ 200 ಮಂದಿ ಅಪೌಷ್ಟಿಕರಾಗಿದ್ದರೆಂದು 1994ರ ವರದಿ ತಿಳಿಸಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಕಾಗದಪತ್ರಗಳಲ್ಲಿ ಆಹಾರದ ವಿಚಾರವೇ ಇರಲಿಲ್ಲ. ಅಲ್ಲೇ ಹೀಗಾದರೆ ನಮ್ಮಲ್ಲಿ ಎಷ್ಟು ಎಚ್ಚರ ಬೇಕು!

ಪರಿಹಾರ ದೂರವಿಲ್ಲ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಅವರ ಸಂಗಡಿಗರು 2019ರಿಂದ 2022ರವರೆಗೆ ಝಾರ್ಖಂಡದಲ್ಲಿ 2,800 ಕ್ಷಯರೋಗಿಗಳಿಗೆ ಔಷಧದ ಜೊತೆಗೆ ತಿಂಗಳಿಗೆ 10 ಕಿಲೋ ದವಸ, ಬೇಳೆ, ಎಣ್ಣೆ, ಹಾಲಿನ ಪುಡಿ ಕೊಡಿಸಿದರು. ಮೊದಲೆರಡು ತಿಂಗಳಲ್ಲಿ ಮೈತುಂಬಿಕೊಂಡವರಲ್ಲಿ ಸಾವು ಬಹಳ ಕಡಿಮೆ ಇತ್ತು. ಮನೆಯವರಿಗೂ ರೇಶನ್ನು ಕೊಟ್ಟ ಕಡೆ ಅವರಿಗೆ ಕ್ಷಯ ತಗಲುವುದು ಶೇಕಡಾ 39ರಷ್ಟು ಇಳಿಯಿತು. ಅಕ್ಕಿ ಬೇಳೆಯೂ ಔಷಧವೇ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಸರಕಾರ ಕ್ಷಯರೋಗಿಯ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಟ್ಟಿತು. 2024ರ ನವೆಂಬರಿನಲ್ಲಿ ಅದನ್ನು 1,000ಕ್ಕೆ ಏರಿಸಿತು. ಏರಿಸಿದ್ದು ಒಳ್ಳೆಯದೇ. ಆದರೆ ದಿನಕ್ಕೆ 33 ರೂಪಾಯಿ ಬೀಳುತ್ತದೆ. ಈ ಹಣದಲ್ಲಿ ಹಾಲು, ಬೇಳೆ, ತತ್ತಿ ಎಷ್ಟು ಬರುತ್ತವೆಂಬುದನ್ನು ನಮ್ಮ ಕಿರಾಣಿ ವ್ಯಾಪಾರಿಗಳೇ ಹೇಳಲಿ. ದುಡಿಯುವವನು ಮಲಗಿದ ಮನೆಯ ಉದ್ರಿ ಲೆಕ್ಕ ಅವರ ಖಾತೆಯಲ್ಲಿಯೇ ಇದೆ. ಗಿರಣಿಯ ಕೆಲಸಗಾರನಿಗೂ ಇದು ಪರರ ಮಾತಲ್ಲ. ಪಗಾರ ನಿಂತ ದಿನವೇ ಪಥ್ಯವೂ ನಿಲ್ಲುತ್ತದೆ.

ಅಪೌಷ್ಟಿಕ ಮಕ್ಕಳಿಗಾಗಿ ಪುನಶ್ಚೇತನ ಕೇಂದ್ರಗಳಿವೆ. ಮಗುವನ್ನು ದಿನವೂ ತೂಗಬೇಕು, ತಾಯಿಗೂ ಊಟ ಕೊಡಬೇಕು ಎಂಬುದು ಅಲ್ಲಿನ ನಿಯಮ. ದೊಡ್ಡವರಿಗೇಕೆ ಈ ನ್ಯಾಯವಿಲ್ಲ? ನಮ್ಮ ಬೇಡಿಕೆ ಮೂರೇ: ಸೇರಿದ ದಿನ ಮತ್ತು ವಾರಕ್ಕೊಮ್ಮೆ ಪ್ರತಿ ರೋಗಿಯ ತೂಕ ಬರೆದಿಡಬೇಕು, ಅವನಿಗೂ ಜೊತೆಗಿರುವ ಒಬ್ಬರಿಗೂ ರೊಟ್ಟಿ, ಬೇಳೆ, ತತ್ತಿ ಅಥವಾ ಹಾಲು ದೊರೆಯಬೇಕು, ಮನೆಗೆ ಹೊರಟಾಗ ಮಾತ್ರೆಯ ಚೀಟಿಯೊಡನೆ ರೇಶನ್ನಿನ ಚೀಟಿಯೂ ಕೈಸೇರಬೇಕು.

ತಂಗಡಗಿ ಶರಣೆ ನೀಲಮ್ಮನ ಐಕ್ಯಸ್ಥಳ. ದಾಸೋಹವನ್ನು ಬಾಳಿನ ಧರ್ಮವಾಗಿಸಿದವರ ನೆಲವಿದು. ಈ ನೆಲದ ರೋಗಿ ಅನ್ನಕ್ಕಾಗಿ ಕೈಯೊಡ್ಡಬಾರದು. ಅದು ಅವನ ಹಕ್ಕು. ಹಕ್ಕು ತಾನಾಗಿ ಬರುವುದಿಲ್ಲ. ಕೇಳೋಣ, ಕೂಡಿ ಕೇಳೋಣ.