ಹಳೆಯ ಗೋಡೆಗೆ ಹೊಸ ಕೋಣೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು, ಕಟ್ಟಿದ ಮನೆಯನ್ನೇ ಮತ್ತೆ ಬಿಚ್ಚಿ ಕಟ್ಟಿಸುವ ಗೃಹಸ್ಥನ ಪಾಡನ್ನು ಏಕೋ ಹೇಳದೆಯೇ ಬಿಟ್ಟರು. ಮಗನ ಮದುವೆ ನಿಶ್ಚಯವಾಗಿದೆ. ಇನ್ನೊಂದು ಕೋಣೆ ಬೇಕು. ಅಜ್ಜಿಗೆ ಮಂಡಿನೋವು, ಹಿತ್ತಿಲಿನ ಬಚ್ಚಲು ಮನೆಯೊಳಕ್ಕೆ ಬರಬೇಕು. ಬೇಡಿಕೆಗಳೆಲ್ಲ ನ್ಯಾಯವಾದುವೇ. ಮೇಸ್ತ್ರಿ ಬಂದು ಗೋಡೆಯನ್ನೊಮ್ಮೆ ಬೆರಳಿನಿಂದ ಕುಟ್ಟಿ, “ಎಲ್ಲಾ ಹಳೇದು ಸ್ವಾಮಿ, ಕೆರೆದು ಸಿಮೆಂಟು ಹೊಡೆದುಬಿಡೋಣ. ನೂರು ವರ್ಷ ಚಿಂತೆ ಇಲ್ಲ” ಎನ್ನುತ್ತಾನೆ. ಚಿಂತೆ ಆರಂಭವಾಗುವುದು ಅಲ್ಲಿಂದಲೇ.

1898ರ ಪ್ಲೇಗಿನ ತರುವಾಯ ಬೆಳೆದ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಲ್ಲಿಯೂ ಮೈಸೂರಿನ ಹಳೆಯ ಬೀದಿಗಳಲ್ಲಿಯೂ ಅಳಿದುಳಿದಿರುವ ಹಿಂದಿನ ಮನೆಗಳು ಬಹುಮಟ್ಟಿಗೆ ಸುಣ್ಣದ ಗಾರೆಯವು. ಕೆಲವೆಡೆ ಇಟ್ಟಿಗೆಗಳ ನಡುವೆ ಬರಿಯ ಮಣ್ಣೂ ಉಂಟು. ಮೇಲೆ ಮರದ ಜಂತೆ, ಜಂತೆಗಳ ಮೇಲೆ ಅಂಚಿನ ಮೇಲೆ ನಿಲ್ಲಿಸಿ ಜೋಡಿಸಿದ ಚಿಕ್ಕ ಇಟ್ಟಿಗೆ, ಅದರ ಮೇಲೆ ಸುಣ್ಣದ ಗಚ್ಚು: ಇದೇ ಮದರಾಸು ತಾರಸಿ. ಇಲ್ಲವಾದರೆ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಆ ಹೆಂಚು ನಾಡಿನಲ್ಲೆಲ್ಲ ಹರಡಿತು.

ಇಂತಹ ಗೋಡೆ ತಳದಿಂದ ನೆಲದ ತೇವವನ್ನು ಹೀರುತ್ತದೆ. ಸುಣ್ಣದ ಗಿಲಾವಿನ ಮೂಲಕ ಅದನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ಹೊರಬರುವ ದಾರಿಗೆ ಬೀಗ ಬಿದ್ದಂತೆ. ಒಳಗೆ ಸಿಕ್ಕ ತೇವ ಮೇಲಕ್ಕೇರುತ್ತದೆ, ಲವಣ ಬಿಳಿಯ ಹುಡಿಯಾಗಿ ಹೊಮ್ಮುತ್ತದೆ, ಗಿಲಾವು ಹಪ್ಪಳದಂತೆ ಏಳುತ್ತದೆ. ಗೋಡೆಯೊಳಗೆ ಹುದುಗಿರುವ ಜಂತೆಯ ತುದಿ ಕಾಣದಂತೆ ಕೊಳೆಯುವುದು ಇದಕ್ಕಿಂತ ದೊಡ್ಡ ಕೇಡು. ಗೆದ್ದಲಿಗೂ ಅದೇ ಆಹ್ವಾನ. ಯಜಮಾನರು ಮರುವರ್ಷ ಮತ್ತೆ ಮೇಸ್ತ್ರಿಗೆ ಹೇಳಿಕಳುಹಿಸುತ್ತಾರೆ. ಅವನು ಮತ್ತೆ ಸಿಮೆಂಟು ಎನ್ನುತ್ತಾನೆ.

ಹೊಸ ಕೋಣೆಯ ಮಾತು ಬೇರೆ. ಹಳೆಯ ಮನೆ ತನ್ನ ಭಾರಕ್ಕೆ ನೆಲದಲ್ಲಿ ಎಷ್ಟು ಕುಸಿಯಬೇಕೋ ಅಷ್ಟು ಕುಸಿದು ಎಂದೋ ನೆಲೆನಿಂತಿದೆ. ಹೊಸದು ಇನ್ನು ಕೂರಬೇಕು. ಎರಡನ್ನೂ ಕಚ್ಚಿಸಿ ಕಟ್ಟಿದರೆ ಕೂಡಿದಲ್ಲಿಯೇ ಬಿರುಕು. ಸ್ವಂತ ತಳಪಾಯ, ನಡುವೆ ಸಣ್ಣದೊಂದು ಸಂದು, ಸಂದಿಗೆ ಮಳೆನೀರು ಇಳಿಯದಂತೆ ಮರೆ: ಇಷ್ಟಿದ್ದರೆ ಅತ್ತೆ ಸೊಸೆಯರಂತೆ ಎರಡೂ ಹೊಂದಿಕೊಂಡಿರುತ್ತವೆ. ಮಣ್ಣಿನ ಗಾರೆಯ ಗೋಡೆಯ ಮೇಲೆ ಮಹಡಿ ಏರಿಸುವ ಆಸೆಯನ್ನಂತೂ ಇಂಜಿನಿಯರು ಬಂದು ತಳಪಾಯವನ್ನು ಅಗೆದು ನೋಡುವವರೆಗೆ ಬಾಯಿಗೂ ತರಬಾರದು.

ಎಲ್ಲಕ್ಕಿಂತ ಹೆಚ್ಚಿನ ಜಗಳ ನಡೆಯುವುದು ತೊಟ್ಟಿಯ ವಿಷಯಕ್ಕೆ. ಮನೆಯ ನಟ್ಟನಡುವೆ ಹತ್ತಡಿ ಜಾಗ ಆಕಾಶಕ್ಕೆ ಬಾಯ್ತೆರೆದಿದೆ. ಮಳೆ ಬಂದರೆ ನೀರು, ಬೇಸಗೆಯಲ್ಲಿ ಧೂಳು, ಜೊತೆಗೆ ಕಳ್ಳರ ಭಯ. ಮೇಲೊಂದು ಕಾಂಕ್ರೀಟು ಹಲಗೆ ಹಾಕಿದರೆ ಸೊಗಸಾದ ಹಜಾರವಾಗುತ್ತದೆ ಎಂಬುದು ಮಕ್ಕಳ ಲೆಕ್ಕಾಚಾರ. ಆದರೆ ಸುತ್ತಣ ಕೋಣೆಗಳಿಗೆಲ್ಲ ಬೆಳಕು ಬರುತ್ತಿದ್ದುದು ಅಲ್ಲಿಂದ. ಅಡಿಗೆಮನೆಯ ಹೊಗೆ, ಮಧ್ಯಾಹ್ನದ ಕಾವು ಮೇಲೇರಿ ಹೋಗುತ್ತಿದ್ದುದೂ ಅಲ್ಲಿಂದಲೇ. ಹಪ್ಪಳ ಹರವುತ್ತಿದ್ದ, ಎಳೆಬಿಸಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದ ಅಜ್ಜಿಯನ್ನು ಈ ಲೆಕ್ಕದಲ್ಲಿ ಯಾರೂ ಕೇಳುವುದಿಲ್ಲ. ಮುಚ್ಚಿದ ಮರುದಿನದಿಂದ ಹಗಲಿನಲ್ಲಿಯೂ ದೀಪ ಉರಿಯುತ್ತದೆ. ಅಜ್ಜಿ ಬಿಸಿಲನ್ನು ಹುಡುಕಿಕೊಂಡು ಬೀದಿಯ ಜಗಲಿಗೆ ಬರುತ್ತಾರೆ. ಬಿಡಿಸಿದ ಜಗಲಿ ಅಲ್ಲಿ ಉಳಿದಿದ್ದರೆ!

ಮುಚ್ಚಲೇಬೇಕೆಂದಾದರೆ ಮಾಡನ್ನು ಸುತ್ತಣ ಸೂರಿಗಿಂತ ಎರಡಡಿ ಎತ್ತರಿಸಿ, ನಾಲ್ಕು ಬದಿಗೂ ಕಂಬಿ, ಜಾಲರಿ ಹಾಕಿಸಿ, ಕೆಲವು ಗಾಜಿನ ಹೆಂಚುಗಳನ್ನು ಸೇರಿಸಬಹುದು. ಮಳೆ, ಕಳ್ಳ ಹೊರಗುಳಿಯುವರು. ಗಾಳಿ, ಬೆಳಕು ಒಳಗೆ ಬರುವುವು. ಖರ್ಚೇನೋ ಉಂಟು.

ಸುಣ್ಣದ ಕೆಲಸಕ್ಕೆ ಕಾಲವನ್ನೂ ನೋಡಬೇಕು. ಗಿಲಾವು ನಿಧಾನವಾಗಿ ಒಣಗಿದಷ್ಟೂ ಗಟ್ಟಿ. ಫಾಲ್ಗುಣದ ಬಿಸಿಲಿಗೆ ಸಿಕ್ಕರೆ ಸೀಳುತ್ತದೆ. ದೀಪಾವಳಿ ಕಳೆದು ಮಳೆ ಹಿಂದೆಗೆದ ಕೂಡಲೇ ಕೈಹಚ್ಚಿದರೆ, ಅಶ್ವಿನಿ ಮಳೆಯ ಮೊದಲ ಹನಿ ಬೀಳುವಷ್ಟರಲ್ಲಿ ಹೆಂಚು ಹೊದಿಸಿ ಮುಗಿದಿರುತ್ತದೆ. ಮೇಸ್ತ್ರಿ ಹೇಳಿದ ದಿನಕ್ಕೆ ಬಂದರೆ.