ಬಂಗಾರಪೇಟೆಯಿಂದ ಕಡಲಿಗೆ ಯಾವಾಗ ಹೊರಡಬೇಕು?

ಯುರೋಪಿಗೆ ಪ್ರವಾಸ ಹೋಗುವ ನನ್ನ ಸಹೋದ್ಯೋಗಿಗಳ ಒಂದು ಗುಣ ನನಗೆ ಬಹಳ ಇಷ್ಟ. ಗ್ರೀಸ್, ಇಟಲಿ, ಸ್ಪೇನ್ ಅಂತ ಹೊರಟವರು ಟಿಕೆಟ್ ತೆಗೆಯುವ ಮುಂಚೆ ವಾರಗಟ್ಟಲೆ ಕೂತು ಒಂದೇ ಪ್ರಶ್ನೆ ಕೆದಕುತ್ತಾರೆ: ಯಾವ ಸೀಸನ್ ಒಳ್ಳೇದು? ಜೂನಾ? ಸೆಪ್ಟೆಂಬರಾ? ಆಗಸ್ಟಿನಲ್ಲಿ ಜನಜಂಗುಳಿ ಎಷ್ಟಿರುತ್ತೆ? ನೀರು ಎಷ್ಟು ಡಿಗ್ರಿ ಇರುತ್ತೆ? ಎಲ್ಲದಕ್ಕೂ ಒಂದು ಎಕ್ಸೆಲ್ ಶೀಟು. ಅದೇ ಪುಣ್ಯಾತ್ಮರು ಗೋಕರ್ಣಕ್ಕೆ ಹೊರಟಾಗ ಕೇಳೋದು ಒಂದೇ: "ಲಾಂಗ್ ವೀಕೆಂಡ್ ಯಾವಾಗ ಬರುತ್ತೆ?" :)

ನಮ್ಮ ಕೆಜಿಎಫ್, ಬಂಗಾರಪೇಟೆ ಕಡೆ ಅಷ್ಟೂ ಕೇಳಲ್ಲ. ಅಮ್ಮನ ಹತ್ತಿರ ಈ ವಿಷಯ ತೆಗೆದರೆ, "ಸಮುದ್ರಕ್ಕೆ ಯಾವಾಗ ಹೋದ್ರೇನಪ್ಪಾ, ನೀರು ಅದೇ ಅಲ್ವಾ?" ಅಂತಾರೆ. ಕೆರೆ ನೋಡಿ ಬೆಳೆದವರ ಮಾತು ಅದು. ಕೆರೆ ತುಂಬಿರುತ್ತೆ, ಇಲ್ಲಾ ಬತ್ತಿರುತ್ತೆ. ಕಡಲು ಹಾಗಲ್ಲ. ನೀರು ಅಷ್ಟೇ ಇದ್ದು ಗುಣ ಬದಲಾಗುತ್ತೆ. ಆದ್ದರಿಂದ ಈ ಪ್ರಶ್ನೆಯನ್ನ ಎಲ್ಲರಿಗಿಂತ ಹೆಚ್ಚಾಗಿ ಕೇಳಬೇಕಾದವರು ನಾವು, ಒಳನಾಡಿನ ಜನ ಅನ್ನೋದು ನನ್ನ ವಾದ.

ನಮ್ಮೂರಿಗೂ ಕಡಲಿಗೂ ಇರೋ ಸಂಬಂಧವೇ ಸ್ವಲ್ಪ ವಿಚಿತ್ರ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನ ದಾರಿಯಲ್ಲಿ ಒಂದು ಸ್ಟೇಷನ್ನಿನ ಹೆಸರು ಕೋರಮಂಡಲ್. ಬಂಗಾಳಕೊಲ್ಲಿಯ ಇಡೀ ಕರಾವಳಿಯ ಹೆಸರು! ಇಳಿದು ನೋಡಿದರೆ ಅಲೆ ಇಲ್ಲ, ಉಪ್ಪಿನ ಗಾಳಿ ಇಲ್ಲ. ಮರಳು ಮಾತ್ರ ಬೇಕಾದಷ್ಟಿದೆ, ಸೈನೈಡ್ ದಿಬ್ಬಗಳ ಮರಳು. ನಮ್ಮ ತಾತ ಕೆಲಸ ಮಾಡಿದ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ. ಊರು ಇರೋದು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಅಂದರೆ ಆ ಗಣಿಯ ತಳಕ್ಕೆ ಇಳಿದವರು ಸಮುದ್ರ ಮಟ್ಟಕ್ಕಿಂತ ಎರಡು ಕಿಲೋಮೀಟರಿಗೂ ಕೆಳಗೆ ಹೋಗಿ ಬರುತ್ತಿದ್ದರು. ಅವರಲ್ಲಿ ಎಷ್ಟೋ ಜನ ಸಮುದ್ರವನ್ನೇ ನೋಡಿರಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ನಮ್ಮ ಜನ ಬೆಂಗಳೂರಿನ ರೈಲು ಹತ್ತಿದರು. ಕಡಲು ನೋಡುವ ಆಸೆಗೆ ದುಡ್ಡು, ರಜೆ ಎರಡೂ ಸ್ವಲ್ಪ ಸ್ವಲ್ಪ ಸಿಗೋಕೆ ಶುರುವಾಗಿದ್ದು ನಮ್ಮ ತಲೆಮಾರಿಗೆ.

ಈಗ ಸೀಸನ್ ವಿಷಯಕ್ಕೆ ಬರೋಣ. ಮೊದಲು ಯುರೋಪಿನ ಲೆಕ್ಕ ನೋಡಿದರೆ ನಮ್ಮ ಲೆಕ್ಕ ಎಲ್ಲಿ ಬೇರೆಯಾಗುತ್ತೆ ಅಂತ ಗೊತ್ತಾಗುತ್ತೆ.

ಮೆಡಿಟರೇನಿಯನ್ ಸಮುದ್ರದ ಸುತ್ತ ಬೇಸಿಗೆಯಲ್ಲಿ ಮಳೆ ಕಡಿಮೆ, ಮಳೆಯೆಲ್ಲ ಹೆಚ್ಚಾಗಿ ಚಳಿಗಾಲದಲ್ಲಿ. ನಮ್ಮ ಕರಾವಳಿಗೆ ಪೂರ್ತಿ ಉಲ್ಟಾ. ಅಲ್ಲಿನ ನೀರು ಫೆಬ್ರವರಿಯಲ್ಲಿ ಸುಮಾರು 15 ಡಿಗ್ರಿ, ಇಳಿದರೆ ಹಲ್ಲು ಕಟಕಟ. ಆಗಸ್ಟಿನಲ್ಲಿ 25 ದಾಟುತ್ತೆ. ನೀರು ನಿಧಾನಕ್ಕೆ ಕಾಯುತ್ತೆ, ನಿಧಾನಕ್ಕೆ ಆರುತ್ತೆ. ಅದಕ್ಕೇ ಸೆಪ್ಟೆಂಬರಿನಲ್ಲಿ ಬಿಸಿಲು ಇಳಿದಿದ್ದರೂ ನೀರು ಬೆಚ್ಚಗೇ ಇರುತ್ತೆ. ಆಗಸ್ಟ್ 15ರ ಫೆರಾಗೋಸ್ತೋ ಹಬ್ಬದ ಸುತ್ತ ಇಟಲಿಗೆ ಇಟಲಿಯೇ ಬೀಚಿನಲ್ಲಿರುತ್ತೆ, ರೂಮಿನ ಬಾಡಿಗೆ ಕೇಳಬೇಡಿ. ಹಾಗಾಗಿ ಬುದ್ಧಿವಂತರು ಜೂನ್ ಅಥವಾ ಸೆಪ್ಟೆಂಬರ್ ಆರಿಸಿಕೊಳ್ಳುತ್ತಾರೆ. ಸೀಸನ್ನಿನ ನಡುಮಧ್ಯ ಬಿಟ್ಟು ಅದರ ಅಂಚು ಹಿಡಿಯೋದು ಅವರ ಸೂತ್ರ.

ಈ ಸೂತ್ರವನ್ನ ತಂದು ನಮ್ಮ ಕಡಲಿಗೆ ಹಾಕಿದರೆ ಅಪಾಯ. ನಮ್ಮಲ್ಲಿ ನೀರಿನ ಬಿಸಿ ಪ್ರಶ್ನೆಯೇ ಅಲ್ಲ, ವರ್ಷವಿಡೀ ಬೆಚ್ಚಗೇ ಇರುತ್ತೆ. ಇಲ್ಲಿ ಕೇಳಬೇಕಾದ್ದು ಅಲೆ ಹೇಗಿದೆ, ಗಾಳಿ ಹೇಗಿದೆ ಅಂತ. ಅದನ್ನ ತೀರ್ಮಾನ ಮಾಡೋದು ಮುಂಗಾರು, ಹಿಂಗಾರು. ನಮ್ಮ ಸೀಸನ್ನಿನ ಅಂಚು ಅಂದರೆ ಮೇ ಕೊನೆ, ಇಲ್ಲಾ ಅಕ್ಟೋಬರ್-ನವೆಂಬರ್. ಚಂಡಮಾರುತಗಳು ಏಳೋದೂ ಹೆಚ್ಚಾಗಿ ಆಗಲೇ. 2021ರ ಮೇ ತಿಂಗಳಿನಲ್ಲಿ ತೌಕ್ತೆ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತು. ರೂಮು ಕಡಿಮೆ ದುಡ್ಡಿಗೆ ಸಿಕ್ಕಿತು ಅಂತ ಅಂಚು ಹಿಡಿಯೋಕೆ ಹೋದರೆ ಹೀಗೆ.

ಮೊದಲು ಪಡುವಣ ಕಡಲು, ನಮ್ಮ ಕರಾವಳಿ. ಜೂನ್ ಮೊದಲ ವಾರದಿಂದ ಸೆಪ್ಟೆಂಬರ್ ತನಕ ಮುಂಗಾರು. ಕೋಲಾರಕ್ಕೆ ಇಡೀ ವರ್ಷಕ್ಕೆ ಬೀಳೋ ಮಳೆಯ ನಾಲ್ಕೈದು ಪಟ್ಟು ಮಂಗಳೂರಿಗೆ ಬೀಳುತ್ತೆ, ಅದರಲ್ಲಿ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಹೋಗಲ್ಲ. ತಲುಪೋ ದಾರಿಯೂ ನೆಚ್ಚಿಕೊಳ್ಳುವಂಥದ್ದಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೇ ಗುಡ್ಡ ಕುಸಿಯಿತು. ಅದೇ ತಿಂಗಳ ಕೊನೆಯಲ್ಲಿ ಸಕಲೇಶಪುರ ಘಾಟಿನಲ್ಲಿ ಹಳಿ ಕೆಳಗಿನ ಮಣ್ಣು ಕುಸಿದು ರೈಲು ನಿಂತವು. ಮಳೆಗಾಲದ ಕರಾವಳಿ ಚೆಂದ, ಒಪ್ಪುತ್ತೇನೆ. ಆದರೆ ಅದು ಜಗಲಿ ಮೇಲೆ ಕೂತು ನೋಡುವ ಚೆಂದ.

ಏಪ್ರಿಲ್-ಮೇನಲ್ಲಿ ಮಕ್ಕಳಿಗೆ ರಜೆ, ಎಲ್ಲರೂ ಹೊರಡೋದು ಆಗಲೇ. ಒಣಗಾಳಿಗೆ ಒಗ್ಗಿದ ನಮ್ಮ ಮೈಗೆ ಕರಾವಳಿಯ ಆ ಸೆಕೆ ತಡೆಯಲ್ಲ. ನಮ್ಮೂರಲ್ಲಿ ಮರದ ನೆರಳಿಗೆ ಹೋದರೆ ಬೆವರು ಆರುತ್ತೆ, ಅಲ್ಲಿ ನೆರಳಲ್ಲೂ ಬೆವರು ಸುರಿಯುತ್ತೆ. ವಯಸ್ಸಾದವರನ್ನ ಕರೆದುಕೊಂಡು ಹೋಗುವುದಾದರೆ ಇದನ್ನ ಯೋಚಿಸಲೇಬೇಕು. ಉಳಿದದ್ದು ನವೆಂಬರಿನಿಂದ ಫೆಬ್ರವರಿ. ಎಲ್ಲರೂ ಹೇಳೋ ಸೀಸನ್ನು ಇದೇ.

ಆದರೆ ನಮಗೆ ಮೂಡಣ ಕಡಲೂ ಇದೆಯಲ್ಲ! ಕನ್ನಡದವರು ಕಡಲು ಅಂದ ಕೂಡಲೇ ಪಶ್ಚಿಮಕ್ಕೆ ತಿರುಗುತ್ತೇವೆ. ಬಂಗಾರಪೇಟೆಯಿಂದ ಮುರುಡೇಶ್ವರ 500 ಕಿಲೋಮೀಟರಿಗೂ ಮೇಲೆ. ಚೆನ್ನೈ ಸುಮಾರು 290, ಅದೂ ನೇರ ರೈಲು ಮಾರ್ಗ. ನಮ್ಮ ನೀರು ಹರಿಯೋದೂ ಆ ಕಡೆಗೇ. ಬೇತಮಂಗಲದ ಕೆರೆಯಿಂದ ಕೆಜಿಎಫ್‌ಗೆ ಕುಡಿಯೋ ನೀರು ಬರುತ್ತಿತ್ತು, ಆ ಕೆರೆ ಇರೋದು ಪಾಲಾರ್ ನದಿ ಮೇಲೆ. ಆ ಪಾಲಾರ್ ವೇಲೂರು, ಕಾಂಚೀಪುರದ ಪಕ್ಕದಲ್ಲಿ ಹಾದು ಮಹಾಬಲಿಪುರಕ್ಕೆ ದಕ್ಷಿಣದಲ್ಲಿ, ಕಲ್ಪಾಕ್ಕಂ ಆಚೆ ಬಂಗಾಳಕೊಲ್ಲಿ ಸೇರುತ್ತೆ. ಹರಿದಾಗ ಮಾತ್ರ ಅನ್ನಿ.

ಈ ಕಡಲಿನ ಪಂಚಾಂಗ ಬೇರೆ. ಚೆನ್ನೈಗೆ ವರ್ಷದ ಅರ್ಧಕ್ಕಿಂತ ಹೆಚ್ಚು ಮಳೆ ಅಕ್ಟೋಬರಿನಿಂದ ಡಿಸೆಂಬರಿನ ಹಿಂಗಾರಿನಲ್ಲೇ. 2015ರ ಡಿಸೆಂಬರಿನ ನೆರೆ, 2023ರ ಡಿಸೆಂಬರಿನ ಮಿಚಾಂಗ್, 2024ರ ನವೆಂಬರ್ 30ರಂದು ಪುದುಚೇರಿ ಹತ್ತಿರ ದಡ ಸೇರಿದ ಫೆಂಗಲ್, ಎಲ್ಲಾ ಈ ಅವಧಿಯವೇ. ಮೇ ತಿಂಗಳ ಕತ್ತಿರಿ ಬಿಸಿಲು ಹೇಳೋದೇ ಬೇಡ, 40 ಡಿಗ್ರಿ ದಾಟುತ್ತೆ. ಅಂದರೆ ಪಶ್ಚಿಮಕ್ಕೆ ಒಳ್ಳೇದು ಅನ್ನೋ ನವೆಂಬರ್-ಡಿಸೆಂಬರ್ ಪೂರ್ವಕ್ಕೆ ಕೆಟ್ಟದ್ದು.

ಎರಡೂ ಪಟ್ಟಿಯನ್ನ ಒಂದರ ಮೇಲೊಂದು ಇಟ್ಟು ನೋಡಿದರೆ ಎರಡೂ ಕಡಲಿಗೆ ಸರಿಹೊಂದುವ ಒಂದೇ ಕಿಂಡಿ ಉಳಿಯುತ್ತೆ: ಸಂಕ್ರಾಂತಿ ಆದ ಮೇಲಿಂದ ಫೆಬ್ರವರಿ ಕೊನೆ ತನಕ. ಹಿಂಗಾರು ಮುಗಿದಿರುತ್ತೆ, ಸೆಕೆ ಶುರುವಾಗಿರಲ್ಲ, ಹೊಸ ವರ್ಷದ ಗದ್ದಲ ಇಳಿದಿರುತ್ತೆ, ಎರಡೂ ಕಡೆ ಮೀನು ಸಿಗುತ್ತೆ. ಶಿವರಾತ್ರಿಯ ದಿನ ಗೋಕರ್ಣ, ಮುರುಡೇಶ್ವರದ ಕಡೆ ತಲೆ ಹಾಕದಿದ್ದರೆ ಆಯ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಪ್ರವಾಸದ ಟಿಪ್ಸ್ ಆಗುತ್ತಿತ್ತು. ಆದರೆ 2024ರ ಡಿಸೆಂಬರ್ 10ನ್ನ ಬಿಟ್ಟು ಕೋಲಾರ ಜಿಲ್ಲೆಯವನು ಕಡಲಿನ ಬಗ್ಗೆ ಬರೆಯೋಕೆ ಆಗಲ್ಲ. ಅವತ್ತು ಮುಳಬಾಗಿಲು ತಾಲ್ಲೂಕಿನ ಒಂದು ವಸತಿ ಶಾಲೆಯಿಂದ ಪ್ರವಾಸಕ್ಕೆ ಹೋಗಿದ್ದ ನಾಲ್ವರು ಹುಡುಗಿಯರು ಮುರುಡೇಶ್ವರದ ಕಡಲಿನಲ್ಲಿ ತೀರಿಕೊಂಡರು. ಮಳೆಗಾಲ ಅಲ್ಲ. ಮೇ ಅಲ್ಲ. ಎಲ್ಲ ಪುಸ್ತಕಗಳೂ ಒಳ್ಳೇ ಸೀಸನ್ ಅಂತ ಹೇಳುವ ಡಿಸೆಂಬರ್.

ಯಾರದು ತಪ್ಪು ಅನ್ನೋ ಚರ್ಚೆ ಆಗ ಬೇಕಾದಷ್ಟಾಯಿತು, ಅದನ್ನ ನಾನು ಮತ್ತೆ ತೆಗೆಯಲ್ಲ. ನನ್ನನ್ನ ಕಾಡುವುದು ಬೇರೆ. ನಮ್ಮ ಮಕ್ಕಳು ನೀರು ಅಂದರೆ ಏನು ಅಂತ ಕಲಿಯೋದು ಬಾವಿಯಲ್ಲಿ, ಕೆರೆಯಲ್ಲಿ. ಅಲ್ಲಿ ಅಪಾಯ ಅಂದರೆ ಆಳ ಒಂದೇ. ಮೊಣಕಾಲುದ್ದ ನೀರಿದ್ದರೆ ಭಯ ಇಲ್ಲ, ಅಲೆ ಇಲ್ಲದಿದ್ದರೆ ಇನ್ನೂ ಒಳ್ಳೇದು. ಕಡಲಿನಲ್ಲಿ ಈ ಎರಡು ಪಾಠವೂ ತಪ್ಪು. ದಡಕ್ಕೆ ಬಂದ ಅಲೆಗಳ ನೀರು ವಾಪಸ್ ಹೋಗಲೇಬೇಕಲ್ಲ, ಅದು ಒಂದು ಕಿರಿದಾದ ಜಾಗ ಹುಡುಕಿಕೊಂಡು ಜೋರಾಗಿ ಒಳಕ್ಕೆ ಹರಿಯುತ್ತೆ. ಅಲ್ಲಿ ಅಲೆ ಒಡೆಯೋದು ಕಡಿಮೆ, ನೋಡೋಕೆ ಶಾಂತವಾಗಿರುತ್ತೆ. ಕೆರೆ ನೋಡಿದ ಕಣ್ಣು "ಇಲ್ಲೇ ಸೇಫು" ಅಂತ ಸರಿಯಾಗಿ ಆ ಜಾಗವನ್ನೇ ಆರಿಸುತ್ತೆ. ಸೆಳೆತಕ್ಕೆ ಸಿಕ್ಕವರು ಅದರ ಎದುರು ಈಜದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಇದನ್ನ ಕರಾವಳಿಯ ಮಗು ಅಪ್ಪನಿಂದ ಕಲಿಯುತ್ತೆ. ನಮ್ಮ ಮಗುವಿಗೆ ಯಾರು ಹೇಳಬೇಕು?

ಯುರೋಪಿನಿಂದ ನಿಜವಾಗಿ ತರಬೇಕಾದ್ದು ಇಲ್ಲಿದೆ. ಅಲ್ಲಿ ಸ್ನಾನದ ಸೀಸನ್ ಅನ್ನೋದು ಬರೀ ಬಾಯಿಮಾತಲ್ಲ. ಯುರೋಪಿಯನ್ ಒಕ್ಕೂಟದ 2006ರ ನಿಯಮದ ಪ್ರಕಾರ ಕಡಲಸ್ನಾನದ ಅವಧಿ ಇಂತಿಷ್ಟು ಅಂತ ಗುರುತಿಸಿ, ಆ ಅವಧಿಯಲ್ಲಿ ನೀರಿನ ಪರೀಕ್ಷೆ ಮಾಡಿಸಬೇಕು. ಸ್ಪೇನಿನ ಬೀಚುಗಳಲ್ಲಿ ಹಸಿರು, ಹಳದಿ, ಕೆಂಪು ಬಾವುಟ ಇರುತ್ತೆ, ಕೆಂಪು ಕಂಡರೆ ನೀರಿಗೆ ಇಳಿಯುವಂತಿಲ್ಲ. ಮೇಲಾಗಿ ಅವರ ಶಾಲೆಗಳ ದೊಡ್ಡ ರಜೆ ಬರೋದೂ ಅದೇ ತಿಂಗಳುಗಳಲ್ಲಿ. ಕಡಲಿನ ಕ್ಯಾಲೆಂಡರ್, ಶಾಲೆಯ ಕ್ಯಾಲೆಂಡರ್ ಎರಡೂ ಒಂದೇ. ನಮ್ಮಲ್ಲಿ ಶಾಲೆಗೆ ರಜೆ ಇದ್ದಾಗ ಕಡಲು ಸರಿಯಿಲ್ಲ, ಕಡಲು ಸರಿಯಿದ್ದಾಗ ರಜೆ ಇಲ್ಲ.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಹೊನ್ನಾವರದ ಕಾಸರಕೋಡು, ಉಡುಪಿ ಕಡೆಯ ಪಡುಬಿದ್ರಿ ಬೀಚುಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು. ಆ ಮಾನ್ಯತೆ ಸಿಗಬೇಕಾದರೆ ಸ್ವಚ್ಛತೆ ಜೊತೆ ಜೀವರಕ್ಷಕರ ವ್ಯವಸ್ಥೆಯೂ ಇರಬೇಕು. ಗೋವಾ 2008ರಿಂದಲೇ ವೃತ್ತಿಪರ ಜೀವರಕ್ಷಕರನ್ನ ಇಟ್ಟಿದೆ. ಮುರುಡೇಶ್ವರದಲ್ಲೂ ಆ ದುರಂತದ ನಂತರ ಬೀಚನ್ನ ಕೆಲವು ದಿನ ಮುಚ್ಚಿ, ಈಜಿಗೆ ಜಾಗ ಗುರುತಿಸಿ ಮತ್ತೆ ತೆರೆದರು. ಅಂದರೆ ಮಾಡೋಕೆ ಬರುತ್ತೆ.

ಹಾಗಾಗಿ ನನ್ನ ಪ್ರಕಾರ ಒಳ್ಳೇ ಸೀಸನ್ ಅಂದರೆ ಬಿಸಿಲು ಮಳೆಯ ಲೆಕ್ಕ ಅರ್ಧ ಮಾತ್ರ. ಉಳಿದರ್ಧ, ದಡದಲ್ಲಿ ಸೀಟಿ ಊದುವ ಒಬ್ಬ ಮನುಷ್ಯ ನಿಂತಿರುವ ಹೊತ್ತು. ಆತ ಇಲ್ಲದ ಬೀಚಿಗೆ ಯಾವ ತಿಂಗಳೂ ಸೀಸನ್ ಅಲ್ಲ. ದೂರದಿಂದ ನೋಡಿ, ಮರಳಲ್ಲಿ ಓಡಾಡಿ, ಮಂಡಕ್ಕಿ ತಿಂದು ಬನ್ನಿ, ನೀರಿಗೆ ಬೇಡ.

ಶಾಲೆಗಳ ಬಗ್ಗೆ ಒಂದು ಮಾತು. ಪ್ರವಾಸಗಳೆಲ್ಲ ಡಿಸೆಂಬರಿನಲ್ಲೇ ಗುಂಪುಗೂಡುತ್ತವೆ, ಒಂದೇ ದಿನ ಹತ್ತಾರು ಬಸ್ಸು ಒಂದೇ ಬೀಚಿಗೆ. ಎಂಟು, ಒಂಬತ್ತನೇ ತರಗತಿಯವರನ್ನಾದರೂ ಜನವರಿ ಕೊನೆಗೆ ಕಳಿಸಬಹುದಲ್ಲ? ಪರೀಕ್ಷೆ ಹತ್ತಿರ ಬರುತ್ತೆ ಅಂತ ಮೇಷ್ಟ್ರುಗಳು ಹೇಳುತ್ತಾರೆ, ಅದು ನ್ಯಾಯವಾದ ಮಾತೇ. ಆಗೋದೇ ಇಲ್ಲ ಅಂದರೆ ಡಿಸೆಂಬರಿನಲ್ಲಿ ಹಂಪಿ, ಬಾದಾಮಿ ತೋರಿಸಿ. ಕಡಲೇ ಬೇಕು ಅಂದರೆ ಜೀವರಕ್ಷಕರಿರುವ ಬೀಚಿಗೆ, ಬೆಳಗಿನ ಹೊತ್ತು ಕರೆದುಕೊಂಡು ಹೋಗಿ. ಹೊರಡುವ ಮುಂಚಿನ ದಿನ ಕ್ಲಾಸಿನಲ್ಲಿ ಕಪ್ಪು ಹಲಗೆ ಮೇಲೆ ಸೆಳೆತದ ಒಂದು ಚಿತ್ರ ಬರೆದು ಹತ್ತು ನಿಮಿಷ ವಿವರಿಸಿ. ಇದಕ್ಕೆ ಸರ್ಕಾರದ ಆದೇಶವೂ ಬೇಡ, ಅನುದಾನವೂ ಬೇಡ.

"ಇಷ್ಟೆಲ್ಲ ಹೆದರಿಸಿದರೆ ಬಯಲುಸೀಮೆಯವರು ಕಡಲಿಗೇ ಹೋಗಲ್ಲ" ಅಂತ ಕರಾವಳಿಯ ಬ್ಲಾಗಿಗರು ಬೇಜಾರು ಮಾಡಿಕೊಳ್ಳಬಾರದು. ಹೋಗಲೇಬೇಕು ಅಂತಲೇ ನಾನು ಹೇಳ್ತಿರೋದು. ಮೂರು ಕಿಲೋಮೀಟರ್ ಭೂಮಿಯೊಳಗೆ ಇಳಿದ ಜನ ನಾವು, ಹೆದರೋ ಪೈಕಿ ಅಲ್ಲ. ಗಣಿಗೆ ಇಳಿಯೋಕೆ ಮುಂಚೆ ದೀಪ, ಹಗ್ಗ, ತೊಟ್ಟಿಲು ಎಲ್ಲಾ ನೋಡಿಕೊಂಡು ಇಳಿಯುತ್ತಿದ್ದರು ಅಂತ ತಾತ ಹೇಳೋರು. ಕಡಲಿಗೂ ಅಷ್ಟು ಮರ್ಯಾದೆ ಕೊಟ್ಟರೆ ಸಾಕು.

ಬರುವ ಫೆಬ್ರವರಿಗೆ ಅಮ್ಮನನ್ನ ಮಹಾಬಲಿಪುರಕ್ಕೆ ಕರೆದುಕೊಂಡು ಹೋಗೋದು ಅಂತ ತೀರ್ಮಾನ ಮಾಡಿದ್ದೇನೆ. ಶನಿವಾರ ಭಾನುವಾರ ಬಿಟ್ಟು, ವಾರದ ನಡುವೆ. ಕರಾವಳಿಯವರೇ, ನಿಮ್ಮೂರ ಕಡಲಿಗೆ ನಮ್ಮಂಥವರು ಯಾವ ತಿಂಗಳು ಬಂದರೆ ಒಳ್ಳೇದು, ಯಾವ ಬೀಚಿನಲ್ಲಿ ನಿಜವಾಗಿ ಕಾವಲಿನವರು ಇರುತ್ತಾರೆ, ತಿಳಿದಿದ್ದನ್ನ ಬರೆಯಿರಿ. ಒಂದು ಪಟ್ಟಿ ಮಾಡಿ ನಮ್ಮೂರ ಶಾಲೆಗಳ ಮೇಷ್ಟ್ರುಗಳಿಗೆ ಕೊಡುವ ಆಸೆ ಇದೆ.