ಮರಕ್ಕೆ ಆನೆಯ ಲೆಕ್ಕ ಸಾಲದು

ಹತ್ತನೇ ತರಗತಿಯ ‘ಜೀವಕ್ರಿಯೆಗಳು’ ಘಟಕಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ಬರೆಯುವ ಪಾಠಯೋಜನೆಗಳಲ್ಲಿ ಒಂದು ಮಾತು ಆಗಾಗ ಕಾಣುತ್ತದೆ: ದೇಹ ದೊಡ್ಡದಾದಂತೆ ಪ್ರತಿ ಗ್ರಾಂ ತೂಕಕ್ಕೆ ಚಯಾಪಚಯ ದರ ಇಳಿಯುತ್ತದೆ. ಉದಾಹರಣೆಗೆ ಇಲಿ ಮತ್ತು ಆನೆ. ಇಲ್ಲಿಯವರೆಗೆ ಸರಿ. ಅದರ ಕೆಳಗೇ ‘ಸಸ್ಯಗಳಿಗೂ ಇದೇ ಅನ್ವಯ’ ಎಂದಿರುತ್ತದೆ. ಈ ಸಾಲನ್ನು ಕೈಬಿಡಬೇಕೆಂಬುದು ನನ್ನ ಅಭಿಪ್ರಾಯ.

ಪ್ರಾಣಿಗಳ ದರವು ತೂಕದ ಮುಕ್ಕಾಲು ಘಾತದಂತೆ ಏರುತ್ತದೆಂದು ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ತೋರಿಸಿದರು. ತೂಕ 10,000 ಪಟ್ಟಾದರೆ ದರ 1,000 ಪಟ್ಟು ಮಾತ್ರ. ಇದೇ ಲೆಕ್ಕ ಗಿಡಮರಗಳಿಗೂ ಸಲ್ಲುತ್ತದೆಂಬ ವಾದ 1990ರ ದಶಕದಲ್ಲಿ ಬಲವಾಯಿತು. ಆದರೆ 2006ರಲ್ಲಿ ಪೀಟರ್ ರೀಚ್ ಮತ್ತು ಸಂಗಡಿಗರು ಸುಮಾರು 500 ಸಸ್ಯಗಳನ್ನು ಅಳೆದಾಗ, ಉಸಿರಾಟವು ಹೆಚ್ಚುಕಡಿಮೆ ತೂಕದಷ್ಟೇ ಪಟ್ಟು ಏರುವುದು ಕಂಡಿತು. 2010ರಲ್ಲಿ ಮೋರಿ ಮತ್ತು ಸಂಗಡಿಗರು ಸಸಿಯಿಂದ ಹೆಮ್ಮರದವರೆಗೆ 271 ಇಡೀ ಸಸ್ಯಗಳನ್ನು ಅಳೆದರು. ಸಸಿಗಳಲ್ಲಿ ಘಾತಾಂಕ 1ರ ಹತ್ತಿರ, ದೊಡ್ಡ ಮರಗಳಲ್ಲಿ ಮುಕ್ಕಾಲಿನ ಹತ್ತಿರ. ಅಂದರೆ ಎಲ್ಲ ಗಾತ್ರಕ್ಕೂ ಒಂದೇ ಸೂತ್ರವಿಲ್ಲ.

ಇದಕ್ಕೆ ಮಕ್ಕಳಿಗೂ ತಿಳಿಯುವಂಥ ಒಂದು ಕಾರಣವಿದೆ. ಸಸಿಯ ಬಹುಪಾಲು ಜೀವಂತ ಅಂಗಾಂಶ. ಬಲಿತ ಮರದ ತೂಕದಲ್ಲಿ ದೊಡ್ಡ ಪಾಲು ಕಟ್ಟಿಗೆ. ಅದರ ಚೇಗಿನಲ್ಲಿ ಜೀವಕೋಶಗಳೇ ಉಳಿದಿರುವುದಿಲ್ಲ. ತಕ್ಕಡಿ ಅದನ್ನೂ ತೂಗುತ್ತದೆ, ಆದರೆ ಅದು ಉಸಿರಾಡುವುದಿಲ್ಲ.

ಘಾತಾಂಕವನ್ನು ಹೇಳದೆಯೂ ಇದನ್ನು ಕಲಿಸಬಹುದು. ಎರಡು ಬಾಟಲಿಗಳಲ್ಲಿ ಸಮತೂಕದ ಮೊಳಕೆ ಹೆಸರುಕಾಳು ಮತ್ತು ಒಣ ಕಟ್ಟಿಗೆ ಚೂರು ಹಾಕಿ, ಪ್ರತಿಯೊಂದರಲ್ಲೂ ಸುಣ್ಣದ ತಿಳಿನೀರಿನ ಪುಟ್ಟ ಲೋಟವಿಟ್ಟು, ಬಿಗಿಯಾಗಿ ಮುಚ್ಚಿ ಮರುದಿನ ನೋಡಲಿ. ಮೊಳಕೆಯ ಬಾಟಲಿಯ ತಿಳಿನೀರು ಚೆನ್ನಾಗಿ ಬೆಳ್ಳಗಾಗಿರುತ್ತದೆ. ‘ತೂಕ ಒಂದೇ ಇದ್ದರೂ ಹೀಗೇಕೆ?’ ಎಂದು ಕೇಳಿದರೆ ಚರ್ಚೆ ತಾನಾಗಿ ಹುಟ್ಟುತ್ತದೆ.

ನಲವತ್ತು ನಿಮಿಷದ ಅವಧಿಯಲ್ಲಿ ಇದಕ್ಕೆಲ್ಲ ಸಮಯವೆಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಹಿಂದಿನ ದಿನವೇ ಬಾಟಲಿ ಸಿದ್ಧಪಡಿಸಿದರೆ ತರಗತಿಯಲ್ಲಿ ಹತ್ತು ನಿಮಿಷ ಸಾಕು. ನಿಜವಾದ ತೊಡಕು ನಮ್ಮ ವೀಕ್ಷಣಾ ನಮೂನೆಯಲ್ಲಿದೆ. ಪಾಠ ಒಂದು ನಿಯಮದಲ್ಲಿ ಮುಗಿದರೆ ಅಂಕ, ಪ್ರಶ್ನೆಯಲ್ಲಿ ಮುಗಿದರೆ ‘ಉಪಸಂಹಾರ ಅಪೂರ್ಣ’ ಎಂಬ ಷರಾ. ಹೀಗಾದರೆ ಪ್ರಶಿಕ್ಷಣಾರ್ಥಿ ಸುಲಭದ ನಿಯಮವನ್ನೇ ಆರಿಸುತ್ತಾನೆ. ಅದು ಮುಂದೆ ಅವನ ಸಾವಿರಾರು ವಿದ್ಯಾರ್ಥಿಗಳಿಗೂ ದಾಟುತ್ತದೆ. ಮುಂದಿನ ಅಭ್ಯಾಸ ಬೋಧನೆಗೆ ಮೊದಲು ಆ ನಮೂನೆಯನ್ನು ತಿದ್ದೋಣ.